ಹಸಿರು ಬಂದ ಮುಖ

ಚನ್ನಪಟ್ಟಣ, ಹೊರಡುವ ಮುನ್ನ

ವಿದೇಶಕ್ಕೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳುವುದು ರೂಢಿ. ನನ್ನನ್ನೂ ಕೇಳಿದರು. ಆಫೀಸಿನಲ್ಲಿ ಕೇಳಿದರು, ಬಸ್ಸಿನಲ್ಲಿ ಕೇಳಿದರು, ಹಾಲಿನ ಡೈರಿಯ ಮುಂದೆ ನಿಲ್ಲಿಸಿಕೊಂಡು ಕೇಳಿದರು. ನಾನು ನೆದರ್‌ಲ್ಯಾಂಡ್ಸಿಗೆ ಹೋದದ್ದು ನೋಡುವುದಕ್ಕಲ್ಲ, ನೋಡಿಸಿಕೊಳ್ಳುವುದಕ್ಕೆ. ಅದನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ. ಗಾಳಿಗಿರಣಿ ಚೆನ್ನಾಗಿದೆ, ಚಳಿ ಜಾಸ್ತಿ ಎಂದು ಹೇಳಿ ತಪ್ಪಿಸಿಕೊಂಡೆ.

ನಾನು ಸೀಳುತುಟಿಯೊಂದಿಗೆ ಹುಟ್ಟಿದವಳು. ಎಡಗಡೆ, ತುಟಿಯಿಂದ ಮೂಗಿನ ಹೊಳ್ಳೆಯವರೆಗೆ. ಮಗುವಾಗಿದ್ದಾಗ ರಾಮನಗರದ ಒಂದು ಶಿಬಿರದಲ್ಲಿ ಹೊರದೇಶದಿಂದ ಬಂದ ಡಾಕ್ಟರುಗಳು ಅದನ್ನು ಹೊಲಿದರು. ಚೆನ್ನಾಗಿಯೇ ಹೊಲಿದರು, ಇಲ್ಲವೆಂದರೆ ತಪ್ಪಾಗುತ್ತದೆ. ಆದರೆ ಮುಖ ಬೆಳೆದಂತೆ ಹೊಲಿಗೆ ಬೆಳೆಯಲಿಲ್ಲ. ಎಡಗಡೆಯ ತುಟಿ ಮೇಲಕ್ಕೆ ಎಳೆದುಕೊಂಡಿತು, ಹೊಳ್ಳೆ ಚಪ್ಪಟೆಯಾಗಿ ಕೆನ್ನೆಯ ಕಡೆ ಜಾರಿತು. ನೀರು ಕುಡಿದರೆ ಆ ಸಂದಿನಿಂದ ಒಂದು ಹನಿ ಗಲ್ಲಕ್ಕೆ ಇಳಿಯುತ್ತದೆ. ದೊಡ್ಡ ವಿಷಯವೇನಲ್ಲ ಎಂದು ಎಲ್ಲರೂ ಹೇಳುತ್ತಾರೆ, ಹೇಳುವಾಗ ಅಲ್ಲಿಯೇ ನೋಡುತ್ತಿರುತ್ತಾರೆ.

ನಾನು ಶಾಲೆಗೆ ಹೋಗುವ ವಯಸ್ಸಿಗೆ ಅವ್ವ ಕನ್ನಡಿಯ ಮುಂದೆ ಕೂರಿಸಿಕೊಂಡು ಒಂದು ಪಾಠ ಶುರು ಮಾಡಿದಳು. ಎಡಗಡೆಯ ತುಟಿಯನ್ನು ಹಲ್ಲಿಗೆ ಅಮುಕಿ ಕೆಳಗೆ ಎಳೆದುಕೊಳ್ಳಬೇಕು. ಬಲಗಡೆಯದನ್ನು ಒಂದಿಷ್ಟು ಎತ್ತಬೇಕು. ಹೊಳ್ಳೆಯನ್ನು ಒಳಕ್ಕೆ ಹಿಡಿಯಬೇಕು. ಆಗ ಎರಡು ಕಡೆಯೂ ಒಂದೇ ಸಮ ಕಾಣುತ್ತದೆ. ಮನೆಗೆ ಯಾರಾದರೂ ಬಂದರೆ, ಯಾರಾದರೂ ಫೋಟೋ ತೆಗೆಯಲು ನಿಂತರೆ, ಅವ್ವ ದೂರದಿಂದಲೇ ಎರಡು ಬೆರಳನ್ನು ತನ್ನ ತುಟಿಯ ಎಡತುದಿಗೆ ಇಟ್ಟು ಮೆಲ್ಲಗೆ ಕೆಳಗೆ ಎಳೆಯುತ್ತಿದ್ದಳು. ಅದು ನಮ್ಮಿಬ್ಬರ ಸನ್ನೆ. ನನ್ನ ಮುಖ ತಕ್ಷಣ ಸರಿಹೋಗುತ್ತಿತ್ತು.

ಹೆಣ್ಣು ನೋಡುವ ಶಾಸ್ತ್ರಗಳು ಶುರುವಾದ ಮೇಲೆ ಈ ಪಾಠಕ್ಕೆ ಬಿಡುವೇ ಇರಲಿಲ್ಲ. ಕನಕಪುರದವರು ಬಂದರು, ಮಾಗಡಿಯವರು ಬಂದರು. ಚಾಪೆಯ ಮೇಲೆ ಕೂತಷ್ಟು ಹೊತ್ತು ಎಲ್ಲರಿಗೂ ಒಪ್ಪಿಗೆ. ಆಮೇಲೆ ಯಾರೋ ಒಬ್ಬಳು ಅತ್ತೆ ತಮಾಷೆ ಮಾಡಿ ನನ್ನನ್ನು ನಗಿಸುತ್ತಿದ್ದಳು. ನಕ್ಕರೆ ಹಿಡಿತ ತಪ್ಪುತ್ತದೆ. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಊರಿಗೆ ಹೋಗಿ ಫೋನ್ ಮಾಡುತ್ತೇವೆ ಎನ್ನುತ್ತಿದ್ದರು. ಕೆಲವರು ತಟ್ಟೆಯನ್ನು ಖಾಲಿ ಮಾಡಿಯೇ ಹೇಳಿದರು ಎನ್ನುವುದನ್ನು ನಾನು ಇನ್ನೂ ಮರೆತಿಲ್ಲ. ಅಪ್ಪ ತೀರಿಕೊಂಡ ಮೇಲೆ, ಇನ್ನು ಯಾರ ಮುಂದೆಯೂ ಕೂರುವುದಿಲ್ಲ ಎಂದು ಅವ್ವನಿಗೆ ಹೇಳಿಬಿಟ್ಟೆ.

ಆದರೆ ಮುಖ ಕಲಿತದ್ದನ್ನು ಬಿಡಲಿಲ್ಲ. ನಾನು ಮಾಗಡಿ ತಾಲ್ಲೂಕಿನಲ್ಲಿ ಜಮೀನು ಅಳೆಯುವ ಸರ್ವೆಯರ್. ದಿನವಿಡೀ ರೈತರ ಮುಂದೆ ನಿಂತಿರುತ್ತೇನೆ, ದಿನವಿಡೀ ಮುಖ ಹಿಡಿದಿರುತ್ತೇನೆ. ಸಂಜೆಯಾದರೆ ದವಡೆಯಿಂದ ಕಿವಿಯ ಹಿಂದಿನವರೆಗೆ ನೋವು. ಕೊರೋನಾ ಬಂದಾಗ ಜಗತ್ತೆಲ್ಲ ಮಾಸ್ಕನ್ನು ಬೈದುಕೊಂಡಿತು. ನನಗೆ ಅದು ರಜೆ. ಬಟ್ಟೆಯ ಹಿಂದೆ ಮುಖವನ್ನು ಅದರ ಪಾಡಿಗೆ ಬಿಟ್ಟು ಓಡಾಡಿದೆ, ದವಡೆ ನೋವು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

ಹೀಗಿರುವಾಗ ಆ ಹಳೆಯ ಶಿಬಿರದವರಿಂದ ಫೋನ್ ಬಂತು. ಅಂದು ಹೊಲಿದ ಮಕ್ಕಳನ್ನು ದೊಡ್ಡವರಾದ ಮೇಲೆ ನೆದರ್‌ಲ್ಯಾಂಡ್ಸಿಗೆ ಕರೆಸಿ ಮುಖ ಅಳೆಯುತ್ತಾರಂತೆ. ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಒಂದು ಮಿತಿಯನ್ನು ದಾಟಿದವರಿಗೆ ಅಲ್ಲಿಯೇ ಎರಡನೆಯ ಶಸ್ತ್ರಚಿಕಿತ್ಸೆ. ಒಂದೇ ಯಂತ್ರ, ಒಂದೇ ಬೆಳಕು, ಒಂದೇ ಕುರ್ಚಿ ಇದ್ದರೆ ಮಾತ್ರ ಒಬ್ಬರ ಮುಖವನ್ನು ಇನ್ನೊಬ್ಬರದರೊಂದಿಗೆ ಹೋಲಿಸಬಹುದಂತೆ, ಅದಕ್ಕೇ ಅಲ್ಲಿಗೇ ಬರಬೇಕು. ಬೆಂಗಳೂರಿನ ಡಾಕ್ಟರರೊಬ್ಬರು, ಹಳೆಯ ಗಾಯದ ಮೇಲೆ ಕತ್ತರಿ ಇಡಲು ನನಗೆ ಧೈರ್ಯವಿಲ್ಲ, ಹೊಲಿದವರೇ ಬಿಚ್ಚಬೇಕು ಎಂದು ಈ ಮೊದಲೇ ಕೈಚೆಲ್ಲಿದ್ದರು. ನಾನು ಹೊರಟೆ. ನನಗೆ ಚೆಂದವಾಗಬೇಕಿರಲಿಲ್ಲ. ಮುಖವನ್ನು ಹಿಡಿದುಕೊಳ್ಳದೆ ಬದುಕಬೇಕಿತ್ತು, ಅಷ್ಟೇ.

ಒಬ್ಬರನ್ನು ಜೊತೆಗೆ ಕರೆತರಬಹುದು ಎಂದರು. ಅವ್ವ ಆಗಲೇ ರಾಗಿಹಿಟ್ಟು ಕಟ್ಟುತ್ತಿದ್ದಳು. ಮುಖ ಅಳೆಯುತ್ತಾರೆ ಎಂದಷ್ಟೇ ಅವಳಿಗೆ ಹೇಳಿದ್ದೆ, ಆಪರೇಷನ್ನಿನ ಮಾತು ಎತ್ತಿರಲಿಲ್ಲ.

ಕೋರಿಯ ಮನೆ

ನಮ್ಮನ್ನು ಇಳಿಸಿದ್ದು ಒಂದು ಸಣ್ಣ ಊರಿನಲ್ಲಿ, ಕೋರಿ ಎನ್ನುವ ಮುದುಕಿಯ ಮನೆಯಲ್ಲಿ. ಕೋರಿ ಒಂದು ಕಾಲಕ್ಕೆ ದರ್ಜಿ, ಹೆಂಗಸರ ಕೋಟು ಹೊಲಿಯುತ್ತಿದ್ದವಳು. ಈಗ ಒಬ್ಬಳೇ ಇದ್ದು ಶಿಬಿರದವರ ಅತಿಥಿಗಳಿಗೆ ಕೋಣೆ ಕೊಡುತ್ತಾಳೆ. ಕೋಣೆಗೆ ಹತ್ತುವ ಮೆಟ್ಟಿಲು ನಮ್ಮ ಅಟ್ಟದ ಏಣಿಗಿಂತ ಕಡಿದು. ಅವ್ವ ಅದನ್ನು ಹತ್ತುವಾಗ ಸೀರೆ ಎತ್ತಿ ಕಟ್ಟಿ, ಇಳಿಯುವಾಗ ಕೂತು ಇಳಿದಳು.

ಆ ದೇಶದಲ್ಲಿ ಕಿಟಕಿಗೆ ಪರದೆ ಹಾಕುವುದಿಲ್ಲ. ಬೀದಿಗೇ ಅಂಟಿಕೊಂಡ ಮನೆಗಳು, ಗೋಡೆಯುದ್ದದ ಗಾಜು, ಒಳಗೆ ದೀಪ ಹಾಕಿಕೊಂಡು ಜನ ಉಣ್ಣುತ್ತಾರೆ, ಓದುತ್ತಾರೆ, ಜಗಳವಾಡುತ್ತಾರೆ. ಹೋಗಿಬರುವವರು ನೋಡುವುದೂ ಇಲ್ಲ. ನಾನು ನೋಡಿದೆ, ಹೊಟ್ಟೆ ಉರಿಯಿತು. ಅಲ್ಲಿಗೆ ಹೋದ ದಿನವೇ ಅವ್ವ ನಮ್ಮ ಕೋಣೆಯ ಕಿಟಕಿಗೆ ತನ್ನ ಒಂದು ಸೀರೆಯನ್ನು ಅಡ್ಡ ಕಟ್ಟಿದಳು. ಮಾರನೆಯ ದಿನ ಪಕ್ಕದ ಮನೆಯವನು ಬಂದು, ಮೇಲೆ ಯಾರಿಗಾದರೂ ಹುಷಾರಿಲ್ಲವೇ ಎಂದು ಕೋರಿಯನ್ನು ವಿಚಾರಿಸಿಕೊಂಡು ಹೋದ.

ಇನ್ನೊಂದು ಅಭ್ಯಾಸ ಅವರದು, ಅನ್ನಿಸಿದ್ದನ್ನು ಹಾಗೆಯೇ ಹೇಳುವುದು. ಮಧ್ಯಾಹ್ನಕ್ಕೆ ತಣ್ಣನೆಯ ಬ್ರೆಡ್ಡು, ಮೇಲೊಂದು ಚೀಸಿನ ಹಾಳೆ ತಿಂದು ಅವ್ವನ ಜೀವ ಬಾಡಿಹೋಗಿತ್ತು. ಕೋರಿಯ ಅಡುಗೆಮನೆಯಲ್ಲಿ ಮುದ್ದೆ ತಿರುವಿ, ಹುರುಳಿ ಸಾರು ಮಾಡಿ ಬಡಿಸಿದಳು. ಕೋರಿ ಮುದ್ದೆಯನ್ನು ಚಾಕುವಿನಿಂದ ಕತ್ತರಿಸಿ, ನುಂಗದೆ ಅಗಿದು ಅಗಿದು ಸಾಕಾಗಿ, ಇದಕ್ಕೆ ರುಚಿಯೇ ಇಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ಅಂದಳು.

"ಏನಂದ್ಲು ಅಕ್ಕಯ್ಯ?" ಅವ್ವ ಕೇಳಿದಳು.

"ಬಹಳ ಚೆನ್ನಾಗಿದೆಯಂತೆ" ಎಂದೆ.

"ಇನ್ನೊಸಿ ಇಕ್ಕಾನಾ ಕೇಳು."

ಅವ್ವ ಪಾತ್ರೆ ತೊಳೆಯಲು ಹೋದಾಗ ಕೋರಿ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ನಿನ್ನ ಬಾಯಲ್ಲಿ ಏನಿದೆ?" ಎಂದಳು. ಏನೂ ಇಲ್ಲ ಎಂದೆ. "ನಾವು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದೆವು. ಆಗ ನಮ್ಮ ಬಾಯಿ ಹೀಗಿರುತ್ತಿತ್ತು. ನೀನು ಬಂದಾಗಿನಿಂದ ಹಾಗೇ ಇದ್ದೀಯ." ನನಗೆ ಸಿಟ್ಟು ಬಂತು. ಇಷ್ಟು ವರ್ಷ ನಮ್ಮ ಮನೆಗೆ ಬಂದುಹೋದ ಅಷ್ಟು ಜನರಲ್ಲಿ ಒಬ್ಬರೂ ಕಾಣದ್ದನ್ನು ಇವಳು ಒಂದು ಊಟದಲ್ಲಿ ಕಂಡುಬಿಟ್ಟಿದ್ದಳು. ನಿದ್ದೆ ಬರುತ್ತಿದೆ ಎಂದು ಎದ್ದು ಹೋದೆ.

ಮಾತಾಡಬಾರದ ಬೋಗಿ

ಆಸ್ಪತ್ರೆಯಿದ್ದ ಊರಿಗೆ ರೈಲಿನಲ್ಲಿ ಹೋಗಬೇಕು. ನಮ್ಮ ಮೈಸೂರು ಪ್ಯಾಸೆಂಜರಿನಲ್ಲಿ ರಾಮನಗರ ಬರುವುದರೊಳಗೆ ಎದುರಿಗೆ ಕೂತವರ ಮನೆಯ ಮೂರು ತಲೆಮಾರಿನ ವಿಷಯ ತಿಳಿದಿರುತ್ತದೆ. ಇಲ್ಲಿ ಒಂದೊಂದು ಬೋಗಿಯನ್ನು ಮಾತಾಡಬಾರದ ಬೋಗಿ ಎಂದೇ ಮಾಡಿಟ್ಟಿದ್ದಾರೆ. ಗಾಜಿನ ಮೇಲೆ ಬರೆದಿರುತ್ತದಂತೆ. ನಾವು ನೋಡಲಿಲ್ಲ.

ಅವ್ವ ಕೂತವಳೇ ದೊಡ್ಡಆಲಹಳ್ಳಿಯಲ್ಲಿರುವ ತನ್ನ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದಳು. ಹೊಲದಲ್ಲಿ ನಿಂತು ಕೂಗಿ ರೂಢಿಯಾದ ಗಂಟಲು. "ಕಾಣ್ತಾ ಐತಾ ಅಕ್ಕ? ನೋಡು, ಬರೀ ಹಸಗೊಳು. ಒಂದ್ ಎಮ್ಮೆ ಕಾಣೆ ಕಣಕ್ಕ, ಒಂದೂ ಇಲ್ಲ! ಎಲ್ಲಾ ತಟ್ಟೆ ತಟ್ಟೆಯಂಗೈತೆ ನೆಲ, ಒಂದ್ ಬೆಟ್ಟ ಇಲ್ಲ. ಇಲ್ಲಿ ರಾಮನಗ್ರದ್ ಒಂದ್ ಬೆಟ್ಟ ತಂದಿಕ್ಕಿದ್ರೆ ಜನ ಪೂಜೆ ಮಾಡ್ತಾರೆ."

ಆ ಕಡೆಯ ಸೀಟಿನ ಉದ್ದನೆಯ ಮನುಷ್ಯನೊಬ್ಬ ಎದ್ದು ಬಂದು ಗಾಜಿನ ಮೇಲಿನ ಅಕ್ಷರವನ್ನು ಬೆರಳಿಟ್ಟು ತೋರಿಸಿದ. ನಾನು ಕ್ಷಮೆ ಕೇಳಿದೆ. ಅವ್ವ ಫೋನಿಟ್ಟು, ಅವನು ಹಸಿದಿದ್ದಾನೆಂದು ತಿಳಿದುಕೊಂಡಳೋ ಏನೋ, ಚೀಲದಿಂದ ಒಂದು ಕೋಡುಬಳೆ ತೆಗೆದು ಅವನ ಕೈಗಿಟ್ಟಳು. ಅವನು ಬೇಡವೆನ್ನಲಾರದೆ ತನ್ನ ಜಾಗಕ್ಕೆ ಹೋಗಿ ಕಡಿದ. ಆ ನಿಶ್ಶಬ್ದದಲ್ಲಿ ಕೋಡುಬಳೆಯ ಕಟಕಟ ಬೋಗಿಯ ಆ ತುದಿಗೂ ಕೇಳಿಸಿತು. ಜನ ತಿರುಗಿ ಅವನನ್ನು ನೋಡಿದರು. ನನಗೆ ನಗು ತಡೆಯಲಾಗಲಿಲ್ಲ, ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಅವ್ವನೂ ನಕ್ಕಳು. ಅವಳು ಬಾಯಿ ಮುಚ್ಚಿಕೊಳ್ಳಲಿಲ್ಲ.

ಕುರ್ಚಿ

ಅಳತೆ ಎಂದರೆ ಏನೆಂದು ನನಗೆ ಗೊತ್ತು ಎಂಬ ಜಂಬ ನನ್ನದು. ಜಮೀನಿನ ಎಲ್ಲೆ ಗುರುತಿಸುವ ಹದ್ದುಬಸ್ತಿಗೆ ಹೋದಾಗ, ನಾವು ಬರುವ ಸುದ್ದಿ ಗೊತ್ತಾದರೆ ಸಾಕು, ಗಡಿಗೆ ನೆಟ್ಟ ಬಾಂದು ಕಲ್ಲು ಒಂದಿಷ್ಟು ಜರುಗಿರುತ್ತದೆ. ಕಲ್ಲನ್ನು ನಂಬಬೇಡ, ನಕ್ಷೆಯನ್ನು ನಂಬು ಎಂದು ನಮಗೆ ಕಲಿಸಿದ್ದಾರೆ. ಮುಖಕ್ಕೆ ನಕ್ಷೆ ಎಲ್ಲಿದೆ? ಹುಟ್ಟುವಾಗ ಯಾರೂ ಬರೆದಿಟ್ಟಿಲ್ಲ. ಅದಕ್ಕೆ ಇವರು ಒಂದು ಉಪಾಯ ಮಾಡಿದ್ದಾರೆ. ಸುತ್ತ ನಿಲ್ಲಿಸಿದ ಕ್ಯಾಮೆರಾಗಳು ಒಂದೇ ಕ್ಷಣಕ್ಕೆ ಮುಖದ ಚಿತ್ರ ತೆಗೆಯುತ್ತವೆ. ಕಂಪ್ಯೂಟರು ಅವುಗಳನ್ನು ಸೇರಿಸಿ ಉಬ್ಬು ತಗ್ಗು ಸಮೇತ ಒಂದು ಮುಖ ಕಟ್ಟುತ್ತದೆ. ಆಮೇಲೆ ಆ ಮುಖವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅದರ ಮೇಲೆಯೇ ಇಡುತ್ತದೆ. ಎಡವೂ ಬಲವೂ ಒಂದರ ಮೇಲೊಂದು ಸರಿಯಾಗಿ ಕೂತ ಕಡೆ ಹಸಿರು ಬಣ್ಣ. ಸ್ವಲ್ಪ ತಪ್ಪಿದರೆ ಹಳದಿ, ತುಂಬಾ ತಪ್ಪಿದರೆ ಕೆಂಪು. ನನಗೆ ಬೇಕಿದ್ದುದು ಕೆಂಪು.

ಡಾಕ್ಟರ್ ಮರೈಕೆ ಎಲ್ಲವನ್ನೂ ನಿಧಾನವಾಗಿ ವಿವರಿಸಿದಳು. ನನ್ನದೇ ವಯಸ್ಸು, ಕೂದಲು ಹಿಂದಕ್ಕೆ ಕಟ್ಟಿದ್ದಳು, ಮಾತಿನಲ್ಲಿ ಕರುಣೆಯ ನಾಟಕವಿರಲಿಲ್ಲ, ಅದಕ್ಕೇ ಇಷ್ಟವಾದಳು. ಕುಂಕುಮ ಒರೆಸಿದೆ. ಮೂಗುಬೊಟ್ಟು ಬಿಚ್ಚಿದೆ. ಕೂದಲಿಗೆ ಪಟ್ಟಿ ಕಟ್ಟಿದರು. "ಉಗುಳು ನುಂಗಿ, ತುಟಿ ಮೆತ್ತಗೆ ಮುಟ್ಟಿಕೊಳ್ಳಲಿ, ಏನೂ ಮಾಡಬೇಡಿ" ಎಂದಳು.

ಏನೂ ಮಾಡದಿರುವುದನ್ನು ನಾನು ಕೋರಿಯ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದೆ. ಒಬ್ಬಳೇ ಇದ್ದಾಗ ಬರುತ್ತದೆ. ಕೆನ್ನೆ ಸಡಿಲವಾಗುತ್ತದೆ, ಎಡತುಟಿ ಮೆಲ್ಲಗೆ ಮೇಲಕ್ಕೆ ಹೋಗುತ್ತದೆ, ಹೊಳ್ಳೆ ಮಲಗುತ್ತದೆ. ಅದೇ ನನ್ನ ಮುಖ. ಕುರ್ಚಿಯಲ್ಲಿ ಕೂತು ಕಣ್ಣುಮುಚ್ಚಿ ಹಾಗೆಯೇ ಬಿಡುತ್ತಾ ಬಂದೆ. ಕೆನ್ನೆ ಇಳಿಯಿತು. ತುಟಿ ಏಳಲು ಶುರುವಾಯಿತು. ಮರೈಕೆ ಕಣ್ಣು ತೆರೆಯಿರಿ ಎಂದಳು. ತೆರೆದೆ.

ಕ್ಯಾಮೆರಾಗಳ ಹಿಂದೆ ಒಂದು ಸ್ಟೂಲಿನ ಮೇಲೆ ಅವ್ವ ಕೂತಿದ್ದಳು. ಇಷ್ಟೊಂದು ಕ್ಯಾಮೆರಾ ಒಟ್ಟಿಗೆ ಮಗಳ ಕಡೆ ತಿರುಗಿದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಅವಳ ಮುಖದಲ್ಲಿ ಗಾಬರಿ. ಎರಡು ಬೆರಳು ಎತ್ತಿ ತನ್ನ ತುಟಿಯ ತುದಿಗೆ ಇಟ್ಟು ಮೆಲ್ಲಗೆ ಕೆಳಗೆ ಎಳೆದಳು.

ನನ್ನ ತುಟಿ ನನ್ನನ್ನು ಕೇಳಲಿಲ್ಲ. ಬೆಳಕು ಫಳ್ಳೆಂದಿತು.

ಪರದೆಯ ಮೇಲೆ ನನ್ನ ಮುಖ ಬಂತು, ತಿರುಗಿತು, ತನ್ನ ಮೇಲೆ ತಾನೇ ಕೂತಿತು. ಹಣೆ ಹಸಿರು, ಕೆನ್ನೆ ಹಸಿರು, ತುಟಿ ಹಸಿರು. ಹೊಳ್ಳೆಯ ಪಕ್ಕ ಒಂದು ಚೂರು ಹಳದಿ. ಕೋಣೆಯಲ್ಲಿದ್ದ ಹುಡುಗಿಯರು ಖುಷಿಯಿಂದ ಏನೋ ಅಂದರು. ಮರೈಕೆ ನನ್ನ ಕೈ ಕುಲುಕಿ, ಆ ಶಿಬಿರದಲ್ಲಿ ಹೊಲಿಸಿಕೊಂಡವರಲ್ಲಿ ಇಷ್ಟು ಸಮನಾದ ಮುಖ ನೋಡಿಯೇ ಇಲ್ಲ ಎಂದಳು. ಮಿತಿಯ ಹತ್ತಿರಕ್ಕೂ ನಾನು ಹೋಗಿರಲಿಲ್ಲ.

"ಹಸ್ರು ಅಂದ್ರೆ ಪಾಸಾ ಮಗ?" ಅವ್ವ ಕೇಳಿದಳು.

"ಪಾಸು" ಎಂದೆ.

ಅವ್ವ ಕೈಮುಗಿದಳು. ಯಾರಿಗೆ ಎಂದು ನಾನು ನೋಡಲಿಲ್ಲ. ನನಗೆ ಅವಳ ಕೈ ಹಿಡಿದು ಮುರಿಯಬೇಕು ಅನ್ನಿಸಿತು. ಹೆತ್ತ ತಾಯಿಯ ಬಗ್ಗೆ ಹಾಗೆ ಅನ್ನಿಸಬಾರದು, ಅನ್ನಿಸಿತು, ಅಷ್ಟೇ.

ಮತ್ತೊಂದು ಸಲ

ಮಾರನೆಯ ದಿನ ಅವ್ವನನ್ನು ಕೋರಿಯ ಹತ್ತಿರ ಬಿಟ್ಟು ಒಬ್ಬಳೇ ಹೋದೆ. ಮರೈಕೆಗೆ ಎಲ್ಲವನ್ನೂ ಹೇಳಿದೆ. ಕನ್ನಡಿ, ಸನ್ನೆ, ಹೆಣ್ಣು ನೋಡಲು ಬಂದವರು, ಎಲ್ಲ. ನೀವು ಅಳೆದದ್ದು ನನ್ನ ಮುಖವನ್ನಲ್ಲ, ನಾನು ಮುಖಕ್ಕೆ ಮಾಡುವ ಕೆಲಸವನ್ನು ಎಂದೆ. ಅವಳು ಅರ್ಥಮಾಡಿಕೊಂಡಳು. ಸರಿ, ಇನ್ನೊಮ್ಮೆ ತೆಗೆಯೋಣ, ಅದಕ್ಕೆ ಅವಕಾಶವಿದೆ ಎಂದಳು.

ಕೋಣೆಯಿಂದ ಎಲ್ಲರನ್ನೂ ಹೊರಗೆ ಕಳಿಸಿದಳು. ಸ್ಟೂಲು ಖಾಲಿ. ನಾನು ಕಣ್ಣು ಮುಚ್ಚಿದೆ, ಉಸಿರು ಬಿಟ್ಟೆ, ಕೆನ್ನೆಯನ್ನು ಅಂಗೈಯಿಂದ ತಿಕ್ಕಿದೆ. ಕಣ್ಣು ಮುಚ್ಚಿರುವಷ್ಟು ಹೊತ್ತು ಎಲ್ಲ ಸಡಿಲ. ಕಣ್ಣು ತೆರೆದು ಕ್ಯಾಮೆರಾದ ಗಾಜು ಕಂಡ ಕೂಡಲೇ ಕೆನ್ನೆಯೊಳಗೆ ಏನೋ ಬಿಗಿದುಕೊಳ್ಳುತ್ತಿತ್ತು. ಅವ್ವ ಬೇಕಾಗಿಯೇ ಇರಲಿಲ್ಲ. ಮತ್ತೆ ತೆಗೆದಳು, ಮತ್ತೆ ಹಸಿರು. ಮಾತಾಡುತ್ತಾ ಇರುವಾಗ ಹೇಳದೆ ತೆಗೆಯಿರಿ ಎಂದೆ. ಆಗದು, ಮಾತಾಡುವ ಮುಖಕ್ಕೆ ಬೇರೆ ಲೆಕ್ಕ, ಅದನ್ನು ಉಳಿದವರ ಜೊತೆ ಇಟ್ಟು ನೋಡಲಾಗದು ಎಂದಳು.

ಒಂದು ಲೋಟ ನೀರು ಕೇಳಿದೆ. ಅವಳ ಎದುರಿಗೆ ನಿಂತು, ಬೇಕೆಂದೇ ಗಟಗಟನೆ ಕುಡಿದೆ. ಎಡಗಡೆಯಿಂದ ಹನಿ ಇಳಿದು ಗಲ್ಲಕ್ಕೆ ಬಂತು, ಅಂಗಿಗೆ ಬಿತ್ತು. ನೋಡಿ ಎಂದೆ. ನನ್ನ ದನಿ ಏರಿತ್ತು, ಮುಖ ಹೇಗಿತ್ತೋ ಗೊತ್ತಿಲ್ಲ.

ಮರೈಕೆ ಒಂದು ಕಾಗದದ ಕರವಸ್ತ್ರ ಕೊಟ್ಟಳು. "ನನಗೆ ಕಾಣುತ್ತಿದೆ" ಎಂದಳು. "ನಾನು ನಿಮ್ಮನ್ನು ನಂಬುತ್ತೇನೆ. ಆದರೆ ಎಲ್ಲರನ್ನೂ ಒಂದೇ ರೀತಿ ಅಳೆಯುತ್ತೇವೆಂದು ಮೊದಲೇ ಒಪ್ಪಿಕೊಂಡಿದ್ದೇವೆ. ನನಗೆ ಕಂಡದ್ದನ್ನು ಸೇರಿಸಿದರೆ, ನಾನು ನೋಡದೆ ಇರುವವರಿಗೆ ಅನ್ಯಾಯ."

ಹೊಲದ ಬದುವಿನ ಮೇಲೆ ನಿಂತು, ಅಮ್ಮಾ ಅದು ನಮ್ಮ ಅಪ್ಪನ ಕಾಲದಿಂದ ಉಳುತ್ತಿದ್ದ ನೆಲ ಎಂದು ಕಣ್ಣೀರು ಹಾಕುವವರಿಗೆ ನಾನು ಹೇಳುವುದೂ ಇದನ್ನೇ. ನಂಬುತ್ತೇನೆ ಕಣಪ್ಪಾ, ನಕ್ಷೆಯಲ್ಲಿ ಇಲ್ಲವಲ್ಲ ಎನ್ನುತ್ತೇನೆ. ಹೇಳಿ, ಅಳತೆಯ ಚೈನು ಸುತ್ತಿಕೊಂಡು, ಜೀಪು ಹತ್ತುತ್ತೇನೆ. ಅವರು ಅಲ್ಲಿಯೇ ನಿಂತಿರುತ್ತಾರೆ.

ಹೊರಡುವಾಗ ಅವಳು ಸಂಕೋಚದಿಂದ ಇನ್ನೊಂದು ಮಾತು ಕೇಳಿದಳು. ಒಳ್ಳೆಯ ಫಲಿತಾಂಶದ ಉದಾಹರಣೆಯಾಗಿ ಆ ಹಸಿರು ಮುಖವನ್ನು ಬೇರೆ ಡಾಕ್ಟರುಗಳಿಗೆ ತೋರಿಸಬಹುದೇ ಎಂದು. ನಾನು ಅಷ್ಟೆಲ್ಲ ಹೇಳಿದ ಮೇಲೂ ಇದನ್ನು ಕೇಳಲು ಅವಳಿಗೆ ಬಾಯಿ ಬಂತಲ್ಲ ಎನಿಸಿತು. ತೋರಿಸಿಕೊಳ್ಳಿ ಎಂದೆ. ಆ ಮುಖದ ಪರಿಚಯ ನನಗೂ ಅಷ್ಟಾಗಿ ಇಲ್ಲ.

ಉಳಿದ ದಿನಗಳು

ಶಸ್ತ್ರಚಿಕಿತ್ಸೆಗೆಂದು ಇಟ್ಟುಕೊಂಡಿದ್ದ ದಿನಗಳು ಹಾಗೆಯೇ ಉಳಿದವು. ಊರು ತೋರಿಸಲು ಕರೆದುಕೊಂಡು ಹೋದರು. ಕಾಲುವೆ, ದೋಣಿ, ಹೂವಿನ ಹೊಲ. ಹೂವಿನ ಹೊಲ ನೋಡಿ ಅವ್ವ, "ಇಷ್ಟೊಂದ್ ನೆಲದಾಗೆ ಒಂದ್ ಪಾತಿ ಕೊತ್ಮಿರಿ ಸೊಪ್ಪೂ ಆಕಿಲ್ವಲ್ಲ" ಎಂದು ಹೊಟ್ಟೆ ಉರಿದುಕೊಂಡಳು. ಎಲ್ಲ ಕಡೆಯೂ ನನ್ನನ್ನು ನಿಲ್ಲಿಸಿ ಫೋಟೋ ತೆಗೆದಳು. ತೆಗೆಯುವ ಮೊದಲು ಎರಡು ಬೆರಳು. ನಾನು ಅವಳೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದೆ. ಚಳಿಗೆ ಮೈಕೈ ನೋವಿರಬೇಕು ಎಂದು ಅವಳೇ ತೀರ್ಮಾನಿಸಿಕೊಂಡು ಮೆಣಸಿನ ಕಷಾಯ ಮಾಡಿ ಕೊಟ್ಟಳು. ನಾನು ಸೈಕಲ್ಲಿನ ದಾರಿಯಲ್ಲಿ ನಡೆದು ಒಬ್ಬ ಮುದುಕನಿಂದ ಬೈಸಿಕೊಂಡೆ. ಅವನು ಯಾವ ಭಾಷೆಯಲ್ಲಿ ಬೈದನೋ ಅದು ನನಗೆ ಪೂರ್ತಿ ಅರ್ಥವಾಯಿತು.

ಹೊರಡುವ ದಿನ ಕೋರಿ ಬಾಗಿಲಲ್ಲಿ ನಿಂತು ಆ ದೇಶದ ಪದ್ಧತಿಯಂತೆ ಇಬ್ಬರ ಕೆನ್ನೆಗೂ ಮುತ್ತು ಕೊಟ್ಟಳು. ಅವ್ವ ನಾಚಿ ಸೆರಗಿನಿಂದ ಒರೆಸಿಕೊಂಡಳು. ಕೋರಿ ನನ್ನ ಕಡೆ ತಿರುಗಿ, "ಬಾಯಿ ಹಾಗೆ ಹಿಡಿದರೆ ನೋಯುತ್ತದೆ. ನಿನ್ನ ಅಮ್ಮನಿಗೆ ಅದು ಗೊತ್ತಿಲ್ಲ, ಹೇಳು" ಎಂದಳು.

"ಏನಂದ್ಲು ಅಕ್ಕಯ್ಯ?"

"ಹುಷಾರಾಗಿ ಹೋಗಿ ಎಂದಳು."

"ಬತ್ತೀವಿ ಕಣಕ್ಕಯ್ಯ, ನೀನೂ ಒಂದ್ಸಾರಿ ನಮ್ಮೂರಿಗೆ ಬಾ" ಎಂದು ಅವ್ವ ಕನ್ನಡದಲ್ಲಿಯೇ ಕೂಗಿ ಹೇಳಿದಳು. ಕೋರಿ ತಲೆಯಾಡಿಸಿದಳು.

ಕೆಂಗಲ್

ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಹಿಡಿದು ಮೈಸೂರು ರಸ್ತೆಗೆ ಬಂದೆವು. ಹೊಸ ಹೆದ್ದಾರಿಯಲ್ಲಿ ಹೋದರೆ ಚನ್ನಪಟ್ಟಣ ಬೇಗ ಸಿಗುತ್ತದೆ. ಬೇಡ, ಹಳೇ ರಸ್ತೆಯಲ್ಲಿ ಹೋಗು, ಕೆಂಗಲ್ಲಿನಲ್ಲಿ ನಿಲ್ಲಿಸು ಎಂದು ಅವ್ವ ಡ್ರೈವರಿಗೆ ಹೇಳಿದಳು. ರಾಮನಗರ ದಾಟಿ ಆಂಜನೇಯನ ಗುಡಿಯ ಮುಂದೆ ನಿಂತಾಗ ಅವಳು ತೆಂಗಿನಕಾಯಿ, ಹೂವು, ಕರ್ಪೂರ ಎಲ್ಲವನ್ನೂ ಕೊಂಡಳು. ನಾನು ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂತೆ.

"ಬಾ ಮಗ, ಅರಕೆ ತೀರ್ಸ್ಬೇಕು."

"ಯಾವ ಹರಕೆ?"

"ನಿನ್ ಮೊಕದ್ದೇ. ಓಗೋಕ್ ಮುಂಚೆ ಕಟ್ಕೊಂಡಿದ್ದೆ. ಆ ಮಿಸನ್ನಲ್ಲಿ ಏನೂ ಐಬು ಕಾಣ್ದಂಗೆ ಮಾಡಪ್ಪಾ, ಬಂದು ಕಾಯಿ ಒಡಸ್ತೀನಿ ಅಂತ."

ಅಷ್ಟು ದೂರ ಒಂದೇ ವಿಮಾನದಲ್ಲಿ, ಪಕ್ಕಪಕ್ಕದ ಸೀಟಿನಲ್ಲಿ ಕೂತು ಹೋಗಿದ್ದೆವು. ಕೆಂಪು ಬರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದಾಗ ಅವಳು ಬರದಿರಲಿ ಎಂದು ಬೇಡುತ್ತಿದ್ದಳು. ನಾನು ಅಂದುಬಿಟ್ಟೆ. "ಅವ್ವ, ಐಬು ಕಂಡಿದ್ದರೆ ಆಪರೇಷನ್ ಮಾಡ್ತಿದ್ದರು. ನಾನು ಹೋಗಿದ್ದೇ ಅದಕ್ಕೆ. ನಾನು ಮುಖ ಬಿಟ್ಟಿದ್ದೆ, ನೀನು ಬೆರಳು ತೋರಿಸಿದೆ. ಎಲ್ಲ ಹಾಳಾಯ್ತು."

ಅವ್ವ ಬೆಂಚಿನ ಮೇಲೆ ಕೂತಳು. ತೆಂಗಿನಕಾಯಿ ಮಡಿಲಲ್ಲಿತ್ತು.

"ನೀನು ವಟ್ಟೆಯಾಗಿದ್ದಾಗ ಗ್ರಾಣ ಬಂತು" ಎಂದಳು. "ಈಚೆಗ್ ಬರ್ಬೇಡ, ಕತ್ತಿ ಮುಟ್ಬೇಡ ಅಂದ್ಲು ನಿಮ್ಮಜ್ಜಿ. ಮನೇಲಿ ರೇಸ್ಮೆ ಉಳ, ಕಡೇ ಜರ ಎದ್ದು ಅಸ್ಕೊಂಡಿದ್ವು. ಸೊಪ್ಪಿಲ್ದೆ ತಲೆ ಎತ್ಕಂಡು ಆಡ್ತಿದ್ವು. ನನ್ ಕೈಲಿ ನೋಡಕ್ಕಾಗ್ನಿಲ್ಲ. ಓಗಿ ಇಪ್ನೇರ್ಲೆ ಸೊಪ್ ಕುಯ್ದೆ. ಅದೇ ಕುಯ್ತ ಮಗೀನ್ ತುಟೀಗ್ ಬಿತ್ತು ಅಂತ ಊರೆಲ್ಲ ಅಂದ್ರು. ನಿಮ್ಮಪ್ಪಾನೂ ಅಂದ. ಸಾಯೋಗಂಟ ಅಂದ."

ಇದನ್ನು ಅವಳು ನನಗೆ ಒಮ್ಮೆಯೂ ಹೇಳಿರಲಿಲ್ಲ.

"ಅದೆಲ್ಲ ಸುಳ್ಳು ಅವ್ವ. ಗ್ರಹಣಕ್ಕೂ ತುಟಿಗೂ ಏನೂ ಸಂಬಂಧ ಇಲ್ಲ."

"ಸುಳ್ಳಾದ್ರೆ ಸುಳ್ಳು. ನಿನ್ ಮೊಕ ಒಸಿ ವಾರೆ ಆದಾಗೆಲ್ಲ ನನ್ ಕೈಯಾಗಿನ್ ಕುಡ್ಲು ಕಾಣ್ತಿತ್ತು ಕಣ್ಮಗ. ಅದ್ಕೇ ಸರಿ ಇಟ್ಕೊ ಸರಿ ಇಟ್ಕೊ ಅಂತಿದ್ದೆ. ಆ ಪರದೆ ಮ್ಯಾಲೆ ಹಸ್ರು ಬಂತಲ್ಲ, ಅವತ್ತೇ ನಾನ್ ನೆಟ್ಟಗ್ ಉಸ್ರು ಬುಟ್ಟಿದ್ದು."

ನನ್ನ ಸಿಟ್ಟು ಇಳಿಯಲಿಲ್ಲ. ಇಳಿಯಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ, ನನಗೆ ಆಗುವುದಿಲ್ಲ. ತನ್ನ ಎದೆಯ ಭಾರವನ್ನು ನನ್ನ ದವಡೆಯ ಮೇಲೆ ಹೊರಿಸಿದ್ದಳು, ಇಷ್ಟು ವರ್ಷ. ಆದರೂ ಮಡಿಲಲ್ಲಿ ಕಾಯಿ ಇಟ್ಟುಕೊಂಡು ಕೂತವಳ ಮೇಲೆ ಕೂಗಾಡಲು ಬಾಯಿ ಬರಲಿಲ್ಲ.

ಅವ್ವ ನನ್ನ ಕಡೆ ತಿರುಗಿ ಕೂತಳು. "ಅಂಗಾರೆ ನನ್ ಮುಂದೆ ಬುಡು. ಎಂಗೈತೋ ಅಂಗೇ ಬುಡು. ನೀನ್ ಚಿಕ್ಕೋಳಿದ್ದಾಗ್ ನೋಡಿದ್ದು, ಆಮ್ಯಾಕೆ ನಾನೂ ನೋಡಿಲ್ಲ. ಎದ್ರಕಬ್ಯಾಡ, ಬೆರಳು ತೋರ್ಸಕಿಲ್ಲ." ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

ನಾನು ಕಣ್ಣು ಮುಚ್ಚಿದೆ. ರಸ್ತೆಯಲ್ಲಿ ಬಸ್ಸುಗಳ ಸದ್ದು, ಗುಡಿಯ ಗಂಟೆ. ಉಸಿರು ಬಿಟ್ಟೆ. ಕೆನ್ನೆ ಇಳಿಯಿತು, ತುಟಿ ಮೆಲ್ಲಗೆ ಎದ್ದಿತು. ಕಣ್ಣು ತೆರೆದೆ. ಅವ್ವನ ಮುಖ ನನ್ನ ಮುಖಕ್ಕೆ ಅಷ್ಟು ಹತ್ತಿರದಲ್ಲಿತ್ತು, ರೆಪ್ಪೆ ಬಡಿಯದೆ ನೋಡುತ್ತಿದ್ದಳು. ನನ್ನ ಕೆನ್ನೆಯೊಳಗೆ ಮತ್ತೆ ಬಿಗಿದುಕೊಂಡಿತು. ನಾನು ತಡೆಯಲು ನೋಡಿದೆ, ಆಗಲಿಲ್ಲ.

"ಬುಟ್ಟಾ?" ಎಂದಳು.

"ಬಿಟ್ಟೆ ಅವ್ವ."

ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. "ಏನೂ ಇಲ್ವಲ್ಲ ಮಗ, ಚೆಂದಾಗೇ ಐತಲ್ಲ" ಎಂದು ನನ್ನ ಕೆನ್ನೆ ಸವರಿ, ಕಾಯಿ ಎತ್ತಿಕೊಂಡು ಗುಡಿಯ ಕಡೆಗೆ ನಡೆದಳು.